ಗೋಮಾಳಕ್ಕೆ ಬಂದ ಸೀಮೆ ಗಿಡಗಳು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಚರಿತ್ರೆಯ ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘ ಹುಟ್ಟಿದ ಬಗೆ, ಮೊದಲ ದಿನ ಎಷ್ಟು ಲೀಟರು ಹಾಲು ಬಂತು, ಕಟ್ಟಡ ಯಾವಾಗ ಎದ್ದಿತು ಎಂಬುದೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬರುತ್ತದೆ. ಅದನ್ನೇ ನಾನೂ ಬರೆದರೆ ಹಾಲಿಗೆ ನೀರು ಬೆರೆಸಿದಂತಾದೀತು! ಆದ್ದರಿಂದ ನಾನು ಬೇರೆ ಚರಿತ್ರೆ ಹಿಡಿದಿದ್ದೇನೆ. ಹಾಲು ಕೊಡುವ ದನ ಎಲ್ಲಿ ಮೇಯುತ್ತಿತ್ತು, ಆ ಜಾಗಕ್ಕೆ ಯಾವ ಯಾವ ಗಿಡ ಎಲ್ಲೆಲ್ಲಿಂದ ಬಂತು, ಬಂದು ಏನು ಮಾಡಿತು ಅನ್ನೋದರ ಚರಿತ್ರೆ. ಈ ಸಾರಿಯ ಮಹಾಸಭೆಯಲ್ಲಿ ಗೋಮಾಳದ ಜಾಲಿ ತೆಗೆಸುವ ವಿಷಯ ಚರ್ಚೆಗೆ ಬರುವುದರಿಂದ, ಅದಕ್ಕೂ ಇದು ಉಪಯೋಗಕ್ಕೆ ಬಂದೀತು.

ಊರಿನ ಹಿರಿಯರನ್ನು ಕೇಳಿದರೆ ಹಳೇ ಗೋಮಾಳದಲ್ಲಿ ಇದ್ದದ್ದನ್ನು ಬೆರಳು ಮಡಿಸಿ ಎಣಿಸುತ್ತಾರೆ. ಗರಿಕೆ, ಕರಡ, ಹಂಚಿಕಡ್ಡಿ. ಅಲ್ಲೊಂದು ಇಲ್ಲೊಂದು ಕಾರೆ, ಎಲಚಿ, ಕವಳೆ. ದಿಬ್ಬದ ಮೇಲೆ ತಂಗಡಿ ಮತ್ತು ಬಂದರಿಕೆ. ಕೆರೆ ಅಂಗಳದ ಕಡೆಗೆ ಕರಿಜಾಲಿ, ಹೊಂಗೆ. ಇದನ್ನು ಬರಡು ಭೂಮಿ ಎಂದು ಸರ್ಕಾರಿ ಕಾಗದದಲ್ಲಿ ಬರೆದವರು ದನ ಕಾಯ್ದವರಲ್ಲ. ಮರ ಇಲ್ಲದ್ದೆಲ್ಲ ಬರಡು ಎನ್ನುವ ಲೆಕ್ಕ ನಮ್ಮ ಸೀಮೆಗೆ ಹೊಂದುವುದಿಲ್ಲ. ಹುಲ್ಲುಗಾವಲು ಕೂಡ ಒಂದು ಬಗೆಯ ಕಾಡೇ. ಮೈಸೂರು ಅರಸರ ಕಾಲದಲ್ಲಿ ಇಂಥ ಹುಲ್ಲಿನ ನೆಲವನ್ನೇ ಕಾವಲು ಎಂದು ಕರೆದು ದೊಡ್ಡ ದನದ ಇಲಾಖೆ ನಡೆಸಿದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಆ ಎತ್ತುಗಳ ನಡಿಗೆಯನ್ನು ಇಂಗ್ಲಿಷರ ಸೈನ್ಯವೂ ಕೊಂಡಾಡಿತ್ತು. ಆ ಎತ್ತು ಬೆಳೆದದ್ದು ಈ ಹುಲ್ಲಿನಿಂದ.

ಮುಂದೆ ಹೋಗುವ ಮುಂಚೆ ಒಂದು ಮಾತು ಹೇಳಿಬಿಡಬೇಕು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳಲು ಹೊರಟಿಲ್ಲ. ಹಾಗೆ ಹೇಳಿದರೆ ಮೊದಲು ನಮ್ಮ ಸಾರಿನ ಮಡಕೆಯೇ ಬರಿದಾಗುತ್ತದೆ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗೆಡ್ಡೆ, ಕಡಲೆಕಾಯಿ, ಸೀಬೆ, ಮುಸುಕಿನ ಜೋಳ ಇವೆಲ್ಲ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ಪರಂಗಿ ಹಣ್ಣಿನ ಹೆಸರಿನಲ್ಲೇ ಪರಂಗಿಯವನು ಕೂತಿದ್ದಾನೆ. ನಮ್ಮ ಸಂಘದ ಕ್ಯಾನು ತುಂಬಿಸುವ ಕಪ್ಪು ಬಿಳುಪಿನ ಸೀಮೆಹಸು ಹಾಲೆಂಡಿನ ಕಡೆಯ ತಳಿ. ಅದಕ್ಕೆ ಹಾಕುವ ನೇಪಿಯರ್ ಹುಲ್ಲು ಆಫ್ರಿಕದ್ದು. ಇವು ಕೊಟ್ಟಿಗೆಯಲ್ಲೋ ಹೊಲದಲ್ಲೋ ನಮ್ಮ ಕೈಕೆಳಗೆ ಬಾಳುತ್ತವೆ. ನಾವು ಬಿತ್ತದಿದ್ದರೆ ಟೊಮ್ಯಾಟೊ ಎದ್ದು ಬಂದು ಗೋಮಾಳ ಆಕ್ರಮಿಸುವುದಿಲ್ಲ. ತಾಪತ್ರಯ ಇರುವುದು ಕೈ ತಪ್ಪಿ ಹೋದವುಗಳದ್ದು. ತನ್ನ ಸ್ವಂತ ದೇಶದಲ್ಲಿ ಒಂದು ಗಿಡವನ್ನು ತಿನ್ನುವ ಹುಳ ಇರುತ್ತದೆ, ಕೊಲ್ಲುವ ರೋಗ ಇರುತ್ತದೆ, ಅದರ ಜೊತೆ ಪೈಪೋಟಿಗೆ ನಿಲ್ಲುವ ಬೇರೆ ಗಿಡಗಳಿರುತ್ತವೆ. ಇಲ್ಲಿಗೆ ಬರುವಾಗ ಗಿಡ ಒಂದೇ ಬಂತು, ಅದರ ಶತ್ರುಗಳು ಅಲ್ಲೇ ಉಳಿದವು. ಮೂಗುದಾರ ಇಲ್ಲದ ಗೂಳಿಯನ್ನು ಊರಿಗೆ ಬಿಟ್ಟಂಗೆ ಆಯಿತು.

ಈ ಚರಿತ್ರೆಯ ಮೊದಲ ಅಧ್ಯಾಯ ಪಾಪಾಸುಕಳ್ಳಿಯದು. ಈಗಿನ ಹುಡುಗರು ಅದನ್ನು ಬೇಲಿ ಮೂಲೆಯಲ್ಲಿ ಅಪರೂಪಕ್ಕೆ ನೋಡಿರಬಹುದು. ನಮ್ಮ ಅಜ್ಜಂದಿರ ಕಾಲಕ್ಕೆ ಹಾಗಿರಲಿಲ್ಲ. ಈ ಕಳ್ಳಿ ಅಮೆರಿಕ ಮೂಲದ್ದು. ಅದನ್ನು ಬೆಳೆಸುವ ಆಸೆ ಹುಟ್ಟಿದ್ದು ಬಣ್ಣಕ್ಕಾಗಿ. ಕಳ್ಳಿಯ ಮೇಲೆ ಬದುಕುವ ಒಂದು ಸಣ್ಣ ಹುಳವನ್ನು ಒಣಗಿಸಿ ಅರೆದರೆ ಕಡುಗೆಂಪು ಬಣ್ಣ ಬರುತ್ತದೆ. ಬ್ರಿಟಿಷ್ ಸೈನ್ಯದ ಕೆಂಪಂಗಿಗೆ ಬಣ್ಣ ಬೇಕಿತ್ತು, ಆದರೆ ಆ ವ್ಯಾಪಾರ ಸ್ಪೇನ್ ದೇಶದವರ ಮುಷ್ಟಿಯಲ್ಲಿತ್ತು. ಇಂಡಿಯಾದಲ್ಲೇ ಹುಳ ಸಾಕೋಣ ಎಂದು ಈಸ್ಟ್ ಇಂಡಿಯಾ ಕಂಪನಿಯವರು ಹೊರಟರು. ಮದರಾಸಿನಲ್ಲಿ ಕಂಪನಿಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಎಂಬಾತ ಹದಿನೆಂಟನೇ ಶತಮಾನದ ಕೊನೆಯಲ್ಲಿ ಇದಕ್ಕೆಂದೇ ಕಳ್ಳಿಯ ತೋಟ ಮಾಡಿದ. 1795ರಲ್ಲಿ ಬ್ರೆಜಿಲ್ ದೇಶದಿಂದ ಹಡಗಿನಲ್ಲಿ ಹುಳವೂ ಬಂತು. ಆದರೆ ಬಂದದ್ದು ಒಳ್ಳೆ ಬಣ್ಣದ ಹುಳ ಅಲ್ಲ, ಅದರ ಕಾಡುಜಾತಿಯ ದಾಯಾದಿ. ಬಣ್ಣದ ಕಸುಬು ಮುಳುಗಿತು.

ವಿಚಿತ್ರ ಏನೆಂದರೆ, ಬಣ್ಣಕ್ಕೆ ಬಾರದ ಆ ಹುಳ ಒಂದು ಜಾತಿಯ ಕಳ್ಳಿಯನ್ನು ತಿಂದು ಉತ್ತರದ ಕಡೆ ಬಯಲು ಮಾಡಿತು. ಇದನ್ನು ಕಂಡು 1836-38ರ ಸುಮಾರಿಗೆ ಅದನ್ನೇ ದಕ್ಷಿಣಕ್ಕೂ ತಂದು ಬಿಟ್ಟರು. ಕಳೆಯನ್ನು ಕೊಲ್ಲಲು ಹುಳವನ್ನು ಬೇಕೆಂದೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದ ಮೊದಲ ನಿದರ್ಶನ ಜಗತ್ತಿನಲ್ಲೇ ಇದು ಎಂದು ವಿಜ್ಞಾನದ ಪುಸ್ತಕಗಳು ಬರೆಯುತ್ತವೆ. ಆದರೆ ಕಳ್ಳಿಯಲ್ಲೂ ಜಾತಿ ಬೇರೆ ಬೇರೆ. ಇನ್ನೊಂದು ಜಾತಿಗೆ ಈ ಹುಳ ಬಾಯಿ ಹಾಕಲಿಲ್ಲ. ಬೇಲಿಗೆಂದು ನೆಟ್ಟ ಆ ಕಳ್ಳಿ ಹೊಲ, ಕಾವಲು, ಊರ ಸುತ್ತಿನ ಕಂದಕ ಎಲ್ಲ ತುಂಬಿ ದಕ್ಷಿಣ ಇಂಡಿಯಾಕ್ಕೆ ಪೀಡೆಯಾಯಿತು. ಕಡಿದು ಹಾಕಿದ ತುಂಡು ಬಿದ್ದಲ್ಲೇ ಬೇರು ಬಿಡುತ್ತದೆ, ಸುಟ್ಟರೆ ಅರ್ಧ ಸುಡುತ್ತದೆ. ಕೊನೆಗೆ 1926ರಲ್ಲಿ ಅದಕ್ಕೆ ತಕ್ಕ ಮತ್ತೊಂದು ಜಾತಿಯ ಹುಳ ಸಿಂಹಳದ ಕಡೆಯಿಂದ ಬಂತು. ಐದಾರು ವರ್ಷದಲ್ಲಿ ಸುಮಾರು 40,000 ಹೆಕ್ಟೇರು, ಅಂದರೆ ಲಕ್ಷ ಎಕರೆ ಕಳ್ಳಿ ನೆಲ ತೆರವಾಯಿತು. ಬಿಳಿ ಅರಳೆ ಅಂಟಿದಂತೆ ಕಾಣುವ ಆ ಹುಳ ಹತ್ತಿದ ಕಳ್ಳಿ ಕೊಳೆತು ಕುಸಿಯಿತು. ಈ ಅಧ್ಯಾಯ ಸುಖಾಂತ್ಯವಾಯಿತು. ಆದರೆ ಎಲ್ಲ ಗಿಡಕ್ಕೂ ಇಂಥ ಅದೃಷ್ಟ ಇರಲಿಲ್ಲ.

ಲಂಟಾನದ ಕಥೆ ನೋಡಿ. ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯತೋಟಕ್ಕೆ ಹೂವಿನ ಚಂದಕ್ಕೆಂದು ತಂದ ಗಿಡ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟ ಎಲ್ಲಿಗೆ ಹೋದರೂ ಕಾಡಿನ ನೆಲ ಕಾಣದಂತೆ ಮುಚ್ಚಿದೆ. ಅದರ ಎಲೆ ತಿಂದ ದನಕ್ಕೆ ಪಿತ್ತಕೋಶ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಮೊದಲು ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. 1974ರಲ್ಲಿ ಅದು ವನ್ಯಧಾಮವಾಯಿತು, ಬೆಂಕಿ ಹಾಕುವುದು ನಿಂತಿತು. ಲಂಟಾನ ಏರಿದ್ದಕ್ಕೆ ಅದೇ ಕಾರಣ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಕಾಡಿನಲ್ಲಿ ಹುಟ್ಟಿ ಬೆಳೆದವರ ಮಾತು, ತಳ್ಳಿಹಾಕುವಂಥದ್ದಲ್ಲ.

ಲಂಟಾನಕ್ಕೂ ಹುಳ ತಂದರು. 1941ರಲ್ಲಿ ಆಸ್ಟ್ರೇಲಿಯದಿಂದ ಡೆಹರಾಡೂನಿಗೆ ಒಂದು ತಿಗಣೆ ಜಾತಿಯ ಹುಳ ಬಂತು. ಪರೀಕ್ಷೆ ಮಾಡುವಾಗ ಅದು ತೇಗದ ಹೂವನ್ನೂ ಮುಟ್ಟುವುದು ಕಂಡುಬಂತು. ತೇಗಕ್ಕೆ ಬಂದರೆ ಗತಿಯೇನು ಎಂದು ಹೆದರಿ ಎಲ್ಲ ಹುಳವನ್ನೂ ನಾಶಮಾಡಲು ಹೇಳಿದರು. ಅಷ್ಟರಲ್ಲಿ ಅದು ತಪ್ಪಿಸಿಕೊಂಡಿತ್ತು! ದೇಶದ ತುಂಬ ಹಬ್ಬಿತು. ತೇಗ ಹಾಳಾಗಲಿಲ್ಲ, ಲಂಟಾನವೂ ಹಾಳಾಗಲಿಲ್ಲ. ಈಗ ಮಲೆಮಹದೇಶ್ವರ ಬೆಟ್ಟದ ಕಡೆ ಲಂಟಾನದ ಕಡ್ಡಿಯಲ್ಲಿ ಬಿದಿರಿನ ಬದಲು ಕುರ್ಚಿ, ಬುಟ್ಟಿ ಮಾಡುತ್ತಾರೆ. ನೀಲಗಿರಿ ಕಡೆಯ ಆದಿವಾಸಿಗಳು ಅದರಿಂದ ಆನೆಗಳನ್ನೇ ಕಟ್ಟಿ, 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಲ್ಲಿಸಿದ್ದರು. ಸಂತೋಷವೇ. ಆದರೆ ಕುರ್ಚಿ ಮಾಡಿ ಕಾಡು ಖಾಲಿಮಾಡುವುದು ಆಗುವ ಮಾತಲ್ಲ.

ಇನ್ನು ನೀಲಗಿರಿ ಮರ. ಇದು ನಮ್ಮ ಬಯಲುಸೀಮೆಗೆ ನೇರ ಸಂಬಂಧಪಟ್ಟದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಆಸ್ಟ್ರೇಲಿಯದ ಈ ಮರವನ್ನು 1790ರ ಸುಮಾರಿಗೆ ನಂದಿಬೆಟ್ಟದ ತೋಟದಲ್ಲಿ ಟಿಪ್ಪು ಸುಲ್ತಾನ್ ಬೆಳೆಸಿದನೆಂದು ಹೇಳುತ್ತಾರೆ. ಅಲ್ಲಿನ ಮರಗಳ ಬೀಜದಿಂದ ಎದ್ದ ತಳಿಗೇ ಮೈಸೂರ್ ಗಮ್ ಎಂದು ಹೆಸರು. 1840ರ ದಶಕದಲ್ಲಿ ಊಟಿಯ ಕಡೆ ಸೌದೆಗೆಂದು ಬೆಳೆಸಿದರು, ಅದರಿಂದ ಮರಕ್ಕೆ ಬೆಟ್ಟದ ಹೆಸರೇ ಅಂಟಿತು. ಸ್ವಾತಂತ್ರ್ಯ ಬಂದ ಮೇಲೆ ಕಾಗದ ಮತ್ತು ರೇಯಾನ್ ಕಾರ್ಖಾನೆಗಳಿಗೆ ತಿರುಳು ಬೇಕಾಯಿತು, ಅರಣ್ಯ ಇಲಾಖೆ ಸಾವಿರಾರು ಎಕರೆ ನೆಟ್ಟಿತು. ಈ ಮರದ ದೊಡ್ಡ ಗುಣ ಎಂದರೆ ದನ ಇದನ್ನು ತಿನ್ನುವುದಿಲ್ಲ. ಬೇಲಿ ಬೇಡ, ಕಾವಲುಗಾರ ಬೇಡ, ಒಮ್ಮೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಇಲಾಖೆಗೆ ಇದು ಗುಣ. ದನ ಕಟ್ಟಿದವನಿಗೆ ಇದೇ ಅವಗುಣ. ದನ ತಿನ್ನದ ಮರವನ್ನು ದನ ಮೇಯುವ ಜಾಗಕ್ಕೆ ತಂದು ನೆಟ್ಟರೆ ಅದನ್ನು ಏನೆನ್ನಬೇಕು?

1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಸಾಮಾಜಿಕ ಅರಣ್ಯ ಯೋಜನೆ ಬಂತು. ಹೆಸರು ಸಾಮಾಜಿಕ, ನೆಟ್ಟದ್ದು ಬಹುಪಾಲು ನೀಲಗಿರಿ. ಕೋಲಾರ, ಬೆಂಗಳೂರು, ತುಮಕೂರು ಕಡೆ ಹಿಡುವಳಿದಾರರೂ ರಾಗಿ ಹೊಲಕ್ಕೆ ನೀಲಗಿರಿ ಹಾಕಿದರು. ಕೂಲಿ ಸಿಗದ, ಮಳೆ ನಂಬಲಾಗದ ಕಾಲದಲ್ಲಿ ಅವರನ್ನು ಪೂರ್ತಿ ದೂರುವಂತಿಲ್ಲ. ಆದರೆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಕೂಲಿ ಹೋಯಿತು, ದನಕ್ಕೆ ರಾಗಿ ಹುಲ್ಲು ಹೋಯಿತು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿ ತೋಟಕ್ಕೆ ಮೆರವಣಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗಕ್ಕೆ ಹುಣಸೆ ಮತ್ತು ಮಾವಿನ ಬೀಜ ಹಾಕಿಬಂದರು. ಇಲ್ಲೊಂದು ತಮಾಷೆ ಇದೆ. ಹುಣಸೆ ಕೂಡ ಮೂಲದಲ್ಲಿ ಆಫ್ರಿಕದ ಮರವೇ! ಬಂದು ಎಷ್ಟೋ ಸಾವಿರ ವರ್ಷ ಆಗಿರುವುದರಿಂದ ಅದು ನಮ್ಮ ಮನೆಯವನೇ ಆಗಿಹೋಗಿದೆ.

ಇದಕ್ಕಿಂತ ದೊಡ್ಡದು ಕುಸನೂರಿನ ಸಂಗತಿ. ಪ್ರತಿಯೊಬ್ಬ ಸಹಕಾರಿಯೂ ಇದನ್ನು ತಿಳಿದಿರಬೇಕು. 1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿದವು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳ 30,000 ಹೆಕ್ಟೇರು ಸಿ ಮತ್ತು ಡಿ ದರ್ಜೆಯ ಭೂಮಿಯನ್ನು ಅದಕ್ಕೆ ಕೊಡುವುದೆಂದಾಯಿತು. ಅಂದರೆ ಜನರು ಸೌದೆ ತರುವ, ದನ ಮೇಯಿಸುವ, ಸೊಪ್ಪು ಕಡಿಯುವ ನೆಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮುಂದೆ ನಿಂತರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಡಾ. ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು. ಆದರೂ ನೆಡುವ ಕೆಲಸ ನಿಲ್ಲದಿದ್ದಾಗ, 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಸತ್ಯಾಗ್ರಹದ ಹೆಸರು ‘ಕಿತ್ತಿಕೊ ಹಚ್ಚಿಕೊ’. ಸಾಂಕೇತಿಕವಾಗಿ ನೂರು ನೀಲಗಿರಿ ಸಸಿ ಕಿತ್ತು, ಹಣ್ಣು ಮೇವಿಗೆ ಆಗುವ ನಮ್ಮ ಗಿಡ ಹಚ್ಚಿದರು. ಬರೀ ಕಿತ್ತಿದ್ದರೆ ಅದು ಗಲಾಟೆ ಎನಿಸುತ್ತಿತ್ತು. ಹಚ್ಚಿದ್ದರಿಂದ ಅದಕ್ಕೆ ತೂಕ ಬಂತು ಎಂದು ನನ್ನ ಅಭಿಪ್ರಾಯ. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಿತು.

ನೀಲಗಿರಿ ನೀರು ಕುಡಿಯುತ್ತದೋ ಇಲ್ಲವೋ ಎಂಬ ಬಗ್ಗೆ ಆಗ ದೊಡ್ಡ ವಾದವೇ ನಡೆಯಿತು. ಇಂಗ್ಲೆಂಡಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ನಮ್ಮ ಅರಣ್ಯ ಇಲಾಖೆಯವರು ಸೇರಿ ಶಿವಮೊಗ್ಗದ ಕಡೆ ಹಾಗೂ ಹೊಸಕೋಟೆಯಲ್ಲಿ ಅಳತೆ ಮಾಡಿದರು. ಮಣ್ಣು ಆಳವಿಲ್ಲದ ಕಡೆ ಅದು ಸಾಧಾರಣ ಕುರುಚಲು ಕಾಡಿನಷ್ಟೇ ನೀರು ಎಳೆಯಿತು. ಆದರೆ ಹೊಸಕೋಟೆಯ ಆಳವಾದ ಕೆಂಪು ಮಣ್ಣಿನಲ್ಲಿ ಮೂರು ವರ್ಷಕ್ಕೆ ಬಿದ್ದ ಮಳೆ ಸುಮಾರು 2100 ಮಿಲಿಮೀಟರು, ಮರಗಳು ಬಳಸಿದ ನೀರು ಸುಮಾರು 3400 ಮಿಲಿಮೀಟರು. ಆದಾಯಕ್ಕಿಂತ ಖರ್ಚು ಹೆಚ್ಚು. ಹೆಚ್ಚಿನದನ್ನು ಎಲ್ಲಿಂದ ತಂದಿತು? ಬೇರು ಕೆಳಗಿಳಿಸಿ ಹಿಂದಿನ ವರ್ಷಗಳಲ್ಲಿ ಇಂಗಿದ್ದ ನೀರನ್ನು ಎಳೆದಿತ್ತು. ಸಂಘದ ಲೆಕ್ಕದಲ್ಲಿ ಹೇಳುವುದಾದರೆ ಆಪದ್ಧನ ನಿಧಿಗೆ ಕೈ ಹಾಕಿತ್ತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಕಾಂಗ್ರೆಸ್ ಗಿಡದ ಪರಿಚಯ ಯಾರಿಗೂ ಮಾಡಿಕೊಡಬೇಕಾಗಿಲ್ಲ. ಬಿಳಿ ಟೋಪಿಯಂಥ ಹೂವಿನಿಂದ ಈ ಹೆಸರು ಎನ್ನುತ್ತಾರೆ. 1950ರ ದಶಕದ ನಡುವೆ ಪುಣೆಯಲ್ಲಿ ಇದನ್ನು ಗುರುತಿಸಿದರು. ಅಮೆರಿಕದ ಪಿಎಲ್ 480 ಗೋಧಿಯ ಜೊತೆ ಬಂತೆಂಬುದು ಎಲ್ಲರ ಬಾಯಲ್ಲಿರುವ ಮಾತು. ಇದಕ್ಕೂ ಮೊದಲೇ ಬಂದಿತ್ತೆಂದು ವಾದಿಸುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಹೇಗೇ ಬರಲಿ, ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸಿ ರಸ್ತೆ ಬದಿ, ಬೀಳು ಹೊಲ ಎಲ್ಲ ಹಿಡಿಯಿತು. ಮುಟ್ಟಿದವರಿಗೆ ತುರಿಕೆ, ಕೆಲವರಿಗೆ ಉಬ್ಬಸ. ಬೇರೆ ಮೇವಿಲ್ಲದೆ ಇದನ್ನು ತಿಂದ ಹಸುವಿನ ಹಾಲು ಕಹಿಯಾಗುತ್ತದೆ. ಡೈರಿಯಲ್ಲಿ ಹಾಲು ವಾಪಸ್ಸು ಬಂದಾಗ ‘ನಂದೇನು ತಪ್ಪು’ ಎಂದು ಜಗಳಕ್ಕೆ ನಿಂತವರು ಒಮ್ಮೆ ಹಸು ಎಲ್ಲಿ ಮೇಯಿತು ಎಂದು ನೋಡಿಬರುವುದು ಒಳ್ಳೆಯದು. 1975ರಲ್ಲಿ ನಮ್ಮ ರಾಜ್ಯ ಇದನ್ನು ಕಾನೂನಿನ ಪ್ರಕಾರ ಉಪದ್ರವಿ ಕಳೆ ಎಂದು ಸಾರಿತು. ಕಾನೂನಿಗೆ ಕಾಂಗ್ರೆಸ್ ಗಿಡ ಹೆದರಲಿಲ್ಲ. 1983ರಲ್ಲಿ ಮೆಕ್ಸಿಕೊ ದೇಶದಿಂದ ಒಂದು ಜೀರುಂಡೆ ತಂದು, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಯನ್ನು ಜರಡಿ ಮಾಡುತ್ತದೆ. 1990ರ ದಶಕದ ಮೊದಲಲ್ಲಿ ಅದೇ ಜೀರುಂಡೆ ಸೂರ್ಯಕಾಂತಿ ಮೇಲೆ ಕಾಣಿಸಿ ರೈತರಲ್ಲಿ ಗಾಬರಿ ಹುಟ್ಟಿತು. ವಿಚಾರಣೆಯಾಗಿ, ಬೆಳೆಗೆ ಅಪಾಯವಿಲ್ಲವೆಂದು ತೀರ್ಮಾನವಾಯಿತು. ಬೇಸಿಗೆಯಲ್ಲಿ ಜೀರುಂಡೆ ಮಣ್ಣಿನೊಳಗೆ ಮಲಗುತ್ತದೆ, ನೀರಿದ್ದ ಕಡೆ ಗಿಡ ಮಾತ್ರ ಮಲಗುವುದಿಲ್ಲ. ಹೂ ಬಿಡುವ ಮುಂಚೆ ಕೈಗೆ ಚೀಲ ಹಾಕಿಕೊಂಡು ಬೇರು ಸಮೇತ ಕೀಳುವುದೇ ಈಗಲೂ ಉಳಿದಿರುವ ದಾರಿ.

ಕೆರೆಯ ಅಂತರಗಂಗೆಯೂ, ಜಿಲೇಬಿ ಮೀನೂ ಇದೇ ಸಾಲಿಗೆ ಸೇರಿದವು. ಜಿಲೇಬಿ ಮೀನು 1952ರಲ್ಲಿ ಈ ದೇಶಕ್ಕೆ ಬಂತು. ಅವುಗಳ ಕಥೆಗೆ ಇಲ್ಲಿ ಜಾಗ ಸಾಲದು.

ಈಗ ನಮ್ಮ ಗೋಮಾಳಕ್ಕೆ ಬರೋಣ. ಬಳ್ಳಾರಿ ಜಾಲಿ, ಸೀಮೆಜಾಲಿ ಎಂದು ಕರೆಯುವ ಇದು ಅಮೆರಿಕ ಖಂಡದ ಮರ. 1870ರ ದಶಕದಲ್ಲಿ ಒಣ ಪ್ರದೇಶದಲ್ಲಿ ಸೌದೆ ಸಿಗಲಿ ಎಂದು ಇಂಗ್ಲಿಷರು ತಂದರು. ವಿಜಯದಶಮಿಗೆ ನಾವು ಪೂಜೆ ಮಾಡುವ ಬನ್ನಿ ಮರಕ್ಕೆ ಇದು ಹತ್ತಿರದ ನೆಂಟ ಎಂದರೆ ನಂಬುವುದು ಕಷ್ಟ. ಬನ್ನಿ ಮರದ ಕೆಳಗೆ ಸಜ್ಜೆ ಬೆಳೆಯುತ್ತದೆ, ಈ ಜಾಲಿಯ ಕೆಳಗೆ ಹುಲ್ಲೂ ಏಳದು. ಇದರ ಎಲೆಯನ್ನು ದನ ಮುಟ್ಟದು, ಕಾಯಿ ಮಾತ್ರ ಸಿಹಿ. ದನ, ಕುರಿ, ಮೇಕೆ ಕಾಯಿ ತಿಂದು ಸಗಣಿ ಹಿಕ್ಕೆಯಲ್ಲಿ ಬೀಜ ಬಿತ್ತುತ್ತವೆ. ಗೋಮಾಳದಲ್ಲಿ ಯಾರೂ ನೆಡದೆ ಜಾಲಿ ಹಬ್ಬಿದ್ದು ಹೀಗೆ. ಬಿತ್ತಿದ್ದು ನಮ್ಮ ದನವೇ.

ಗುಜರಾತಿನ ಕಛ್ ಜಿಲ್ಲೆಯಲ್ಲಿ ಬನ್ನಿ ಎಂಬ ಹೆಸರಿನದೇ ಒಂದು ದೊಡ್ಡ ಹುಲ್ಲುಗಾವಲಿದೆ. ಎಮ್ಮೆಗೆ ಪ್ರಸಿದ್ಧ. ಉಪ್ಪಿನ ಮರುಭೂಮಿ ಮುಂದೊತ್ತಿ ಬರದಿರಲಿ ಎಂದು 1961ರ ಸುಮಾರಿಗೆ ಅಲ್ಲಿ 31,000 ಹೆಕ್ಟೇರಿಗೂ ಮಿಕ್ಕಿ ಇದೇ ಜಾಲಿ ಹಾಕಿದರು. ಈಗ ಅಲ್ಲಿನವರು ಇದನ್ನು ಹುಚ್ಚು ಜಾಲಿ ಎನ್ನುತ್ತಾರೆ. ಕಾಯಿ ಹೆಚ್ಚು ತಿಂದ ಹಸುಗಳಿಗೆ ಹೊಟ್ಟೆ ಕಟ್ಟಿ ಸಾಯತೊಡಗಿದ್ದರಿಂದ ದನಗಾಹಿಗಳು ಕಾಂಕ್ರೇಜ್ ಹಸು ಕಡಿಮೆ ಮಾಡಿ ಎಮ್ಮೆಗೆ ತಿರುಗಿದರು. ಅಲ್ಲಿಯೂ ಇದ್ದಿಲು ಸುಟ್ಟು ಬದುಕುವವರಿದ್ದಾರೆ, ಜಾಲಿ ತೆಗೆಯಬೇಡಿ ಎನ್ನುವವರಿದ್ದಾರೆ.

ನಮ್ಮಲ್ಲೂ ಇದೇ ಭಿನ್ನಾಭಿಪ್ರಾಯ. ‘ಜಾಲಿ ತೆಗೆದ್ರೆ ಒಲೆಗೆ ಏನ್ ಹಾಕ್ಲಿ, ಗ್ಯಾಸ್ ರೇಟು ಎಷ್ಟೈತೆ ನೋಡಿದ್ದೀರಾ’ ಎಂದು ಕೇಳುವ ತಾಯಂದಿರ ಮಾತಿಗೆ ಉತ್ತರ ಕೊಡದೆ ಠರಾವು ಪಾಸು ಮಾಡುವುದು ಸರಿಯಲ್ಲ. ಬೇಸಿಗೆಯಲ್ಲಿ ಕಾಯಿ ನಂಬಿರುವ ಮೇಕೆಯವರ ಮಾತೂ ಅಷ್ಟೇ. ಇನ್ನು ಕೆಲವರು ‘ಜೆಸಿಬಿ ತರಿಸಿ ಒಂದೇ ದಿನಕ್ಕೆ ಬಯಲು ಮಾಡಿಸಿ’ ಎನ್ನುತ್ತಾರೆ. ಬಯಲಾದ ಮೇಲೆ ಅಲ್ಲಿ ಮೊದಲು ಏಳುವುದು ಕಾಂಗ್ರೆಸ್ ಗಿಡ ಎಂಬುದನ್ನು ಅವರು ಯೋಚಿಸಬೇಕು. ಬಯಲಾದ ಗೋಮಾಳದ ಮೇಲೆ ಯಾರ ಯಾರ ಕಣ್ಣು ಬೀಳುತ್ತದೆ ಎಂಬುದನ್ನು ಬರೆಯಬೇಕಾಗಿಲ್ಲ, ಎಲ್ಲರಿಗೂ ಗೊತ್ತು.

ನನ್ನ ಸಲಹೆ ಇಷ್ಟು. ಒಂದೇ ಸಲಕ್ಕೆ ಎಲ್ಲ ಬೇಡ. ಪಂಚಾಯ್ತಿ ಮತ್ತು ಕಂದಾಯ ಇಲಾಖೆಯಿಂದ ಅಳತೆ ಮಾಡಿಸಿ, ಕಲ್ಲು ನೆಡಿಸಿ, ಕೆರೆ ಅಂಗಳದ ಕಡೆಯಿಂದ ವರ್ಷಕ್ಕೆ ಒಂದು ತುಂಡಿನಂತೆ ತೆಗೆಯಬೇಕು. ಮೇಲಿಂದ ಕೊಯ್ದರೆ ನಾಲ್ಕು ಕವಲಾಗಿ ಚಿಗುರುತ್ತದೆ, ಬುಡದ ಗಂಟು ಸಮೇತ ಕೀಳಬೇಕು. ಸೌದೆ ಊರಿನ ಮನೆಗಳಿಗೆ ಹಂಚಿಕೆಯಾಗಲಿ, ಹರಾಜು ಬೇಡ. ತೆಗೆದ ತುಂಡಿಗೆ ಎರಡು ಮಳೆಗಾಲ ದನ ಬಿಡದೆ ಕಾಯಬೇಕು. ಕಾಯುವ ಸರದಿ ಮನೆಗೊಬ್ಬರಂತೆ, ಸಂಘದ ಸದಸ್ಯರೇ ಮೊದಲು. ಅಂಚಿಗೆ ಹೊಂಗೆ, ಕರಿಜಾಲಿ, ಬನ್ನಿ ಹಾಕೋಣ, ಸೌದೆಗೂ ಮೇಕೆಗೂ ಆಗುತ್ತದೆ. ನಡುವೆ ಏನೂ ನೆಡುವುದು ಬೇಡ. ಹುಲ್ಲಿಗೆ ಬಿಡೋಣ.

ಹುಲ್ಲಿನ ಬೀಜ ಎಲ್ಲಿಂದ ತರುವುದು ಎಂದು ಕೇಳಬಹುದು. ದೇವಸ್ಥಾನದ ಹಿಂದಿನ ದಿಬ್ಬಕ್ಕೆ ಹೋಗಿ ನೋಡಿ. ದೇವರ ಜಾಗ ಎಂದು ಯಾರೂ ನೇಗಿಲು ಹೂಡಿಲ್ಲ, ಜಾಲಿ ಎದ್ದಾಗೆಲ್ಲ ಪೂಜಾರರ ಮನೆಯವರು ಕಿತ್ತು ಹಾಕುತ್ತಾ ಬಂದಿದ್ದಾರೆ. ಕರಡವೂ ಹಂಚಿಕಡ್ಡಿಯೂ ಅಲ್ಲಿ ಇನ್ನೂ ಇವೆ. ದೀಪಾವಳಿ ಕಳೆದ ಮೇಲೆ ತೆನೆ ಬಲಿಯುತ್ತದೆ.